ಸರಣಿಯಲ್ಲಿ ನಾಲ್ಕು ಮಾಸ್‌ಫೆಟ್, ಸುಡುವುದು ಮಾತ್ರ ಮೇಲಿನದ್ದೇ

ಕಟಪಾಡಿಯಿಂದ:
ನಮಸ್ಕಾರ. 3 ಕಿಲೋವೋಲ್ಟ್ ಡಿಸಿಯನ್ನು 5 ಮೈಕ್ರೋಸೆಕೆಂಡಿನ ಪಲ್ಸ್ ಮಾಡಬೇಕು, ಸೆಕೆಂಡಿಗೆ 1000. ಪುನರ್ಪುಳಿ ರಸಕ್ಕೆ ಕೊಟ್ಟು ನೋಡುವ ಆಸೆ. ಸದ್ಯ ರಸದ ಬದಲಿಗೆ 150 ಓಮ್ ಡಮ್ಮಿ ಲೋಡ್. 1200 ವೋಲ್ಟಿನ, 80 ಮಿಲಿಓಮ್ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ (ಸ್ವಿಚ್ ಆಗಿ ಬಳಸುವ ಟ್ರಾನ್ಸಿಸ್ಟರ್) ನಾಲ್ಕು ಸರಣಿಯಲ್ಲಿವೆ. ಲೋಡ್ ಮೇಲೆ, ಸ್ವಿಚ್ ಕೆಳಗೆ. ನಾಲ್ಕನ್ನೂ ಅರ್ತ್ ಮಾಡಿದ ಒಂದೇ ಹೀಟ್‌ಸಿಂಕ್‌ಗೆ (ಶಾಖ ಹೀರುವ ಲೋಹ) ನಡುವೆ ಇನ್ಸುಲೇಟಿಂಗ್ ಪ್ಯಾಡ್ ಇಟ್ಟು ಬಿಗಿದಿದ್ದೇನೆ. ಆನ್-ಆಫ್ ಮಾಡುವ ಕಾಲು, ಅಂದರೆ ಗೇಟ್‌ಗೆ ಒಂದೇ ವಯರ್ ನಾಲ್ಕು ಫೆರೈಟ್ ರಿಂಗ್ ಒಳಗಿಂದ ಹೋಗುತ್ತದೆ. 2 ಕಿಲೋವೋಲ್ಟ್ ದಾಟಿದರೆ ಮೇಲಿನ ಮಾಸ್‌ಫೆಟ್ ಶಾರ್ಟ್. 3 ಕಿಲೋವೋಲ್ಟ್ ಆದರೂ ತಲಾ 750 ಅಲ್ವಾ?

ಸುರತ್ಕಲ್‌ನಿಂದ:
ಗೇಟ್ ವಯರಿಂಗ್ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತೊಂದರೆ ಹೀಟ್‌ಸಿಂಕ್‌ನದ್ದು ಮಾರಾಯ್ರೆ. ಪ್ಯಾಡ್ ತೆಳುವಾಗಿದ್ದರೆ ಪ್ರತಿ ಟ್ಯಾಬ್‌ನಿಂದ (ಮಾಸ್‌ಫೆಟ್‌ನ ಬೆನ್ನಿನ ಲೋಹ) ಅರ್ತ್‌ಗೆ 35 ಪಿಕೋಫ್ಯಾರಡ್‌ನಷ್ಟು ಕೆಪಾಸಿಟನ್ಸ್ ಬರುತ್ತದೆ. ಆಫ್ ಆಗುವಾಗ ಕೆಳಗಿನಿಂದ ಮೂರನೆಯ ಟ್ಯಾಬ್ 50 ನ್ಯಾನೋಸೆಕೆಂಡಿನಲ್ಲಿ 2250 ವೋಲ್ಟ್ ಏರಿತು ಅಂದುಕೊಳ್ಳಿ. ಒಂದೂವರೆ ಆಂಪಿಯರ್ ಅಲ್ಲೇ ಸೋರಿಹೋಯಿತು. ಮಾಸ್‌ಫೆಟ್‌ನ ಸ್ವಂತ ಕೆಪಾಸಿಟನ್ಸ್ 100 ಪಿಕೋಫ್ಯಾರಡ್ ಆಸುಪಾಸು, ಅದು ಚಾರ್ಜ್ ಆಗಲು ಬೇಕಾದ ಕರೆಂಟೂ ಹೆಚ್ಚುಕಡಿಮೆ ಅಷ್ಟೇ! ಕೆಳಗಿನವಕ್ಕೆ ಕರೆಂಟ್ ಕಡಿಮೆ, ಮೇಲಿನದ್ದಕ್ಕೆ ವೋಲ್ಟೇಜ್ ಜಾಸ್ತಿ. ನಂದಿಕೂರಿನಿಂದ ಹೊರಡುವ 400 ಕೆವಿ ಲೈನಿನ ಟವರ್ ನೋಡಿದ್ದೀರಲ್ಲ, ಅಲ್ಲಿ ಕೂಡ ತಂತಿಗೆ ಹತ್ತಿರದ ಇನ್ಸುಲೇಟರ್ ಡಿಸ್ಕ್‌ಗೇ ಹೆಚ್ಚು ಹೊರೆ. ಕಾರಣ ಇದೇ.

ನಿಮಗೆ ಆ ದೊಡ್ಡ ಹೀಟ್‌ಸಿಂಕ್ ಬೇಕಾಗಿಯೇ ಇಲ್ಲ. 20 ಆಂಪಿಯರ್ ಹರಿದರೂ ಆನ್ ಇರುವುದು ಸಾವಿರದಲ್ಲಿ ಐದು ಪಾಲು ಹೊತ್ತು. ಹರಿಯುವಾಗಿನ ಶಾಖ ತಲಾ 0.16 ವ್ಯಾಟ್, ಸ್ವಿಚಿಂಗ್‌ನದ್ದು ಸೇರಿದರೂ ಒಂದು ವ್ಯಾಟ್ ಒಳಗೆ. ಪ್ರತಿಯೊಂದಕ್ಕೂ ಚಿಕ್ಕ ಅಲ್ಯೂಮಿನಿಯಂ ತುಂಡು ಸಾಕು. ಅದು ಅರ್ತ್ ಆಗಬಾರದು. ಅದರಲ್ಲಿ ಪೂರ್ತಿ ವೋಲ್ಟೇಜ್ ಇರುತ್ತದೆ, ಕೈ ಹತ್ತಿರ ಹೋಗಲೇಬಾರದು.

ಜತೆಗೆ ಪ್ರತಿ ಮಾಸ್‌ಫೆಟ್‌ಗೆ ಅಡ್ಡವಾಗಿ ಸ್ನಬರ್, ಅಂದರೆ ವೋಲ್ಟೇಜ್ ಏಕಾಏಕಿ ಏರದಂತೆ ತಡೆಯುವ ಜೋಡಿ: 1 ನ್ಯಾನೋಫ್ಯಾರಡ್ ಕೆಪಾಸಿಟರ್, ಸರಣಿಯಲ್ಲಿ 47 ಓಮ್ ರೆಸಿಸ್ಟರ್. ವಯರ್ ಸುತ್ತಿದ ರೆಸಿಸ್ಟರ್ ಬೇಡ. 47 ಓಮ್‌ಗೆ ಅಡ್ಡವಾಗಿ ಯುಎಫ್4007 ಡಯೋಡ್ ಹಾಕಿ, ಕೆಪಾಸಿಟರ್ ಚಾರ್ಜ್ ಆಗುವ ದಿಕ್ಕಿಗೆ. 1ಎನ್4007 ತುಂಬ ನಿಧಾನ. ಡಯೋಡ್ ಇಲ್ಲದಿದ್ದರೆ 20 ಆಂಪಿಯರ್‌ಗೆ ಆ ರೆಸಿಸ್ಟರಿನಲ್ಲೇ 940 ವೋಲ್ಟ್ ನಿಲ್ಲುತ್ತದೆ, ಸ್ನಬರ್ ಇದ್ದೂ ಸುಮ್ನೆ.

ಮಲ್ಪೆಯಿಂದ:
ಆಫ್ ಇರುವಾಗ ವೋಲ್ಟೇಜನ್ನು ಸಮನಾಗಿ ಹಂಚುವ ಬ್ಯಾಲೆನ್ಸ್ ರೆಸಿಸ್ಟರ್ ಇದೆಯಾ? ಮಳೆಗಾಲದಲ್ಲಿ ನಮ್ಮ ಕಡೆ ಬೋರ್ಡ್ ಮೇಲೆ ಉಪ್ಪು, ತೇವ ಕೂತು ಲೀಕೇಜ್ ಒಂದೊಂದು ಕಡೆ ಒಂದೊಂದು ಥರ. ಪ್ರತಿ ಮಾಸ್‌ಫೆಟ್‌ಗೆ 100 ಕಿಲೋಓಮ್ ಅರ್ಧ ವ್ಯಾಟಿನದ್ದು ಐದು ಸರಣಿಯಲ್ಲಿ ಹಾಕಿ. ಒಂದೇ ರೆಸಿಸ್ಟರ್ 750 ವೋಲ್ಟ್ ತಡೆಯುವುದಿಲ್ಲ. ಬೋರ್ಡನ್ನು ಐಸೋಪ್ರೊಪೈಲ್‌ನಲ್ಲಿ ತೊಳೆದು, ಒಣಗಿಸಿ, ಆಮೇಲೆ ವಾರ್ನಿಶ್.

ಕಟಪಾಡಿಯಿಂದ:
ಬ್ಯಾಲೆನ್ಸ್ ಇರಲಿಲ್ಲ, ಈಗ ಹಾಕಿದೆ. ಹೀಟ್‌ಸಿಂಕ್ ಬೇರೆ ಬೇರೆ ಮಾಡಿ, ಸ್ನಬರ್ ಕೂಡ ಸೇರಿಸಿದೆ. 600 ವೋಲ್ಟಿನಲ್ಲಿ ನೂರು ಪಟ್ಟು ಇಳಿಸುವ ಪ್ರೋಬ್ ಇಟ್ಟು ಪ್ರತಿ ಜಾಯಿಂಟ್ ಅಳೆದು ಕಳೆದರೆ ನಾಲ್ಕೂ ಹತ್ತಿರ ಹತ್ತಿರ ಇವೆ. ಏರಿಸಲಾ?

ಸುರತ್ಕಲ್‌ನಿಂದ:
300ರ ಹೆಜ್ಜೆಯಲ್ಲಿ ಏರಿಸಿ, ಪ್ರತಿ ಸಲ ಅಳೆಯಿರಿ. ಮೇಲಿನದ್ದು 900 ದಾಟಿದರೆ ನಿಲ್ಲಿಸಿ. ಸ್ಟೋರೇಜ್ ಕೆಪಾಸಿಟರ್ ಎಷ್ಟು?

ಕಟಪಾಡಿಯಿಂದ:
2 ಮೈಕ್ರೋಫ್ಯಾರಡ್.

ಸುರತ್ಕಲ್‌ನಿಂದ:
3 ಕಿಲೋವೋಲ್ಟ್‌ಗೆ 9 ಜೂಲ್. ಜೀವಕ್ಕೆ ಅಪಾಯ. ಅದರ ಎರಡು ತುದಿಗೇ 5 ಮೆಗಾಓಮ್ ಕಾಯಂ ಇರಲಿ, ಹೈವೋಲ್ಟೇಜ್ ರೆಸಿಸ್ಟರ್. ಆದರೂ 50 ವೋಲ್ಟ್‌ಗೆ ಇಳಿಯಲು 40 ಸೆಕೆಂಡ್ ಬೇಕು. ಕಾದು, ಅಳೆದು, ಶಾರ್ಟಿಂಗ್ ಕೋಲು ತಾಗಿಸಿಯೇ ಕೈ ಹಾಕಿ.