ಒಂದೇ ಡಿಸ್ಟ್ರಿಕ್ಟ್‌ನಿಂದ ಎರಡು ರಾಜ್ಯ ಚಾಂಪಿಯನ್ ತಂಡಗಳು: ಟೆಕ್ಸಸ್ ಹೈಸ್ಕೂಲ್ ಫುಟ್‌ಬಾಲ್ ವಿಂಗಡಣೆ ಹೇಗೆ?

ಪ್ರಶ್ನೆ (ಡಲ್ಲಾಸ್ ಪೋಷಕ):
ಮಗ ಈ ವರ್ಷದಿಂದ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದಾನೆ. ಡಂಕನ್‌ವಿಲ್ ಮತ್ತು ಡಿಸೋಟೊ ಶಾಲೆಗಳು 2022ರಲ್ಲಿ ಒಂದೇ ಡಿಸ್ಟ್ರಿಕ್ಟ್‌ನಲ್ಲಿ (ಪರಸ್ಪರ ಆಡುವ ಶಾಲೆಗಳ ಗುಂಪು) ಆಡಿ, ಕೊನೆಗೆ ಎರಡೂ 6ಎ ವರ್ಗದ ರಾಜ್ಯ ಪ್ರಶಸ್ತಿ ಗೆದ್ದವು. 2023ರಲ್ಲಿಯೂ ಹಾಗೆಯೇ ಆಯಿತು. ಇದು ಹೇಗೆ ಸಾಧ್ಯ? ತಂಡದ ಬಲವನ್ನು ನೋಡಿ ವಿಂಗಡಿಸುತ್ತಾರೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಬಲವನ್ನಲ್ಲ ಸರ್, ಶಾಲೆಯಲ್ಲಿರುವ ವಿದ್ಯಾರ್ಥಿಗಳ ಸಂಖ್ಯೆಯನ್ನು ನೋಡುತ್ತಾರೆ. ಇಲ್ಲಿನ ಶಾಲಾ ಕ್ರೀಡೆಗಳನ್ನು ನಡೆಸುವ ಯುಐಎಲ್ ಸಂಸ್ಥೆಯು ಎರಡು ವರ್ಷಕ್ಕೊಮ್ಮೆ ದಾಖಲಾತಿಯನ್ನು ಪರಿಶೀಲಿಸಿ, ಶಾಲೆಗಳನ್ನು 1ಎಯಿಂದ 6ಎವರೆಗಿನ ಆರು ವರ್ಗಗಳಲ್ಲಿ ಇರಿಸುತ್ತದೆ. 2024-26ರ ಅವಧಿಗೆ 2,275 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದ ಶಾಲೆಗಳು 6ಎಗೆ ಸೇರಿದವು. ಫುಟ್‌ಬಾಲ್‌ನಲ್ಲಿ ಉಳಿದ ವರ್ಗಗಳನ್ನು ಋತು ಆರಂಭವಾಗುವ ಮೊದಲೇ ಡಿವಿಷನ್ 1 ಮತ್ತು 2 ಎಂದು ಒಡೆಯುತ್ತಾರೆ. 6ಎಯಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ಆಡಿ, ಪ್ರತಿ ಡಿಸ್ಟ್ರಿಕ್ಟ್‌ನಿಂದ ನಾಕೌಟ್‌ಗೆ ಅರ್ಹತೆ ಪಡೆದ ನಾಲ್ಕು ತಂಡಗಳ ಪೈಕಿ ಹೆಚ್ಚು ವಿದ್ಯಾರ್ಥಿಗಳಿರುವ ಎರಡು ಶಾಲೆಗಳು ಡಿವಿಷನ್ 1ಕ್ಕೂ ಉಳಿದೆರಡು ಡಿವಿಷನ್ 2ಕ್ಕೂ ಹೋಗುತ್ತವೆ. ಡಂಕನ್‌ವಿಲ್ ಮೊದಲನೆಯದರಲ್ಲಿ, ಡಿಸೋಟೊ ಎರಡನೆಯದರಲ್ಲಿ ಗೆದ್ದದ್ದು ಹೀಗೆ. ಆದ್ದರಿಂದ ಮಧ್ಯಮ ಗಾತ್ರದ ಶಾಲೆಯೊಂದು ಯಾವ ಡಿವಿಷನ್‌ಗೆ ಹೋಗುತ್ತದೆಂಬುದು, ತನ್ನ ಜೊತೆ ಅರ್ಹತೆ ಪಡೆದ ಬೇರೆ ಶಾಲೆಗಳು ಎಷ್ಟು ದೊಡ್ಡವು ಎಂಬುದರ ಮೇಲೆ ನಿಂತಿರುತ್ತದೆ. ಡಿವಿಷನ್ 2 ಎಂದರೆ ಎರಡನೇ ದರ್ಜೆ ಎಂದು ಮಗನಿಗೆ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಉತ್ತರ 2:
ನಾನು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿನ ನಾಕೌಟ್ ವಿಭಾಗಗಳನ್ನು ದಾಖಲಾತಿಯ ಬದಲು ತಂಡದ ಸಾಮರ್ಥ್ಯದ ಅಂಕಗಳ ಮೇಲೆ ರಚಿಸುವುದರಿಂದ, ಮೇಟರ್ ಡೇಯಂಥ ಬಲಿಷ್ಠ ಖಾಸಗಿ ಶಾಲೆ ಅತ್ಯುನ್ನತ ವಿಭಾಗದಲ್ಲೇ ಆಡಬೇಕಾಗುತ್ತದೆ. ಇಂಡಿಯಾನಾದಲ್ಲಿ ನಡುದಾರಿಯೊಂದಿದೆ: ವರ್ಗವನ್ನು ದಾಖಲಾತಿಯೇ ನಿರ್ಧರಿಸಿದರೂ, ಎರಡು ವರ್ಷಗಳಲ್ಲಿ ನಾಕೌಟ್ ಗೆಲುವುಗಳಿಂದ ಸಾಕಷ್ಟು ಅಂಕ ಗಳಿಸಿದ ಶಾಲೆಯನ್ನು ಮೇಲಿನ ವರ್ಗಕ್ಕೆ ಏರಿಸುತ್ತಾರೆ. ನನಗೆ ಅದೇ ಹೆಚ್ಚು ನ್ಯಾಯವೆನಿಸುತ್ತದೆ, ಏಕೆಂದರೆ ಸಾವಿರ ಮಕ್ಕಳಿರುವ ಎರಡು ಶಾಲೆಗಳಲ್ಲಿ ತರಬೇತುದಾರರೂ ಸೌಲಭ್ಯಗಳೂ ಸಮನಾಗಿರುವುದಿಲ್ಲ.

ಉತ್ತರ 3:
ಆದರೂ ಎಣಿಕೆಯನ್ನು ಅಲ್ಲಗಳೆಯಬೇಡಿ. 105ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ 1ಎ ಶಾಲೆಗಳು ಹನ್ನೊಂದು ಮಂದಿಯ ತಂಡವನ್ನು ಕಟ್ಟುವುದೇ ಕಷ್ಟ. ಅವು 80 ಗಜದ ಚಿಕ್ಕ ಮೈದಾನದಲ್ಲಿ ಆರು ಮಂದಿಯ ಫುಟ್‌ಬಾಲ್ ಆಡುತ್ತವೆ. ಪಶ್ಚಿಮ ಟೆಕ್ಸಸ್‌ನ ಅಂಥ ಊರಿನಲ್ಲಿ ನಾನು ಕೆಲಸ ಮಾಡಿದ್ದೆ. ಶುಕ್ರವಾರ ರಾತ್ರಿ ಇಡೀ ಊರೇ ಮೈದಾನದಲ್ಲಿರುತ್ತಿತ್ತು.

ಡಲ್ಲಾಸ್ ಪೋಷಕ:
ಎಲ್ಲರಿಗೂ ಧನ್ಯವಾದಗಳು. ನಮ್ಮ ಶಾಲೆ 5ಎ. ಹಾಗಾದರೆ ನಮ್ಮ ಡಿವಿಷನ್ ಈಗಾಗಲೇ ನಿರ್ಧಾರವಾಗಿದೆ ಎಂದಾಯಿತು. ಮಗನಿಗೆ ಇಂದೇ ಹೇಳುತ್ತೇನೆ.