ಹತ್ತನೆಯ ಕ್ಲಾಸಿನ ಮಗಳಿಗೆ ರಿಪೋರ್ಟೆಡ್ ಸ್ಪೀಚ್ ತಲೆಗೆ ಹತ್ತುತ್ತಿಲ್ಲ, ಹೇಗೆ ಹೇಳಿಕೊಡಲಿ?

ಬದಿಯಡ್ಕದ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೆಯ ಕ್ಲಾಸ್, ಕನ್ನಡ ಮೀಡಿಯಂ, ಕೇರಳ ಸಿಲೆಬಸ್. ಇಂಗ್ಲಿಷ್ ಪೇಪರಿನಲ್ಲಿ ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ತಿಳಿಸುವ ರೀತಿ, ಅದಕ್ಕೆ ಸಂಭಾಷಣೆಯ ಪ್ರಶ್ನೆ ಬರುತ್ತದಲ್ವಾ, ಇಬ್ಬರು ಮಾತಾಡಿದ್ದನ್ನು ಮೇಲೆ ಕೊಟ್ಟು, ಕೆಳಗೆ ಅಲ್ಲಲ್ಲಿ ಖಾಲಿ ಬಿಟ್ಟ ಪ್ಯಾರಾ ತುಂಬಿಸಲು ಹೇಳುತ್ತಾರೆ, ಅದರಲ್ಲಿ ಇವಳಿಗೆ ಪ್ರತಿ ಸಲ ಮಾರ್ಕು ಹೋಗುತ್ತದೆ. ಟೇಬಲ್ ಪೂರ್ತಿ ಬಾಯಿಪಾಠ ಉಂಟು. ಇಸ್ ಇದ್ದರೆ ವಾಸ್, ವಿಲ್ ಇದ್ದರೆ ವುಡ್, ಟುಮಾರೊ ಇದ್ದರೆ ದ ನೆಕ್ಸ್ಟ್ ಡೇ. ಕೇಳಿದರೆ ಗಡಗಡ ಹೇಳುತ್ತಾಳೆ. ಬರೆಯಲು ಕೂತರೆ ಬೇರೆಯೇ ಬರುತ್ತದೆ.

ನಾನೇ ಒಂದು ಸಂಭಾಷಣೆ ಮಾಡಿ ಕೊಟ್ಟೆ, ನೋಡಿ:

ಕಂಡಕ್ಟರ್: ವೇರ್ ಆರ್ ಯು ಗೋಯಿಂಗ್?
ಹುಡುಗಿ: ಐ ಆಮ್ ಗೋಯಿಂಗ್ ಟು ಕುಂಬಳೆ. ಡಸ್ ದಿಸ್ ಬಸ್ ಸ್ಟಾಪ್ ನಿಯರ್ ದ ಸ್ಕೂಲ್?
ಕಂಡಕ್ಟರ್: ಯೆಸ್. ಪ್ಲೀಸ್ ಗಿವ್ ಮಿ ಚೇಂಜ್.
ಹುಡುಗಿ: ಐ ಗೇವ್ ಯು ಚೇಂಜ್ ಯೆಸ್ಟರ್ಡೇ.

ಅವಳು ಬರೆದದ್ದು: "ದ ಕಂಡಕ್ಟರ್ ಆಸ್ಕ್ಡ್ ದಟ್ ವೇರ್ ಆರ್ ಯು ಗೋಯಿಂಗ್. ದ ಗರ್ಲ್ ಟೋಲ್ಡ್ ದಟ್ ಐ ಆಮ್ ಗೋಯಿಂಗ್ ಟು ಕುಂಬಳೆ. ಶಿ ಆಸ್ಕ್ಡ್ ದಟ್ ಡಸ್ ದಿಸ್ ಬಸ್ ಸ್ಟಾಪ್ ನಿಯರ್ ದ ಸ್ಕೂಲ್." ಅಲ್ಲಿಗೆ ನಿಲ್ಲಿಸಿ, ಯೆಸ್‌ಗೆ ಎಂತ ಬರೆಯುವುದು ಅಂತ ನನ್ನನ್ನೇ ಕೇಳಿದಳು. ಎಲ್ಲಿ ತಪ್ಪಿದೆ ಅಂತ ನನಗೆ ಕಾಣುತ್ತದೆ, ಯಾಕೆ ತಪ್ಪು ಅಂತ ಹೇಳಲು ಬರುವುದಿಲ್ಲ. ಇದರ ಮಧ್ಯೆ ಗಲ್ಫಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ, ಈ ವಾಸ್ ವುಡ್ ಎಲ್ಲ ಸುಮ್ನೆ, ಇಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಅಂತ ಬೇರೆ ಹೇಳಿಬಿಟ್ಟ. ಈಗ ಅವಳು ಮಾವನ ಮಾತನ್ನೇ ಹಿಡಿದು ಕೂತಿದ್ದಾಳೆ.

ಕುಂಬಳೆಯ ನಿವೃತ್ತ ಮಾಸ್ಟ್ರು:

ನಿಮ್ಮ ಮಗಳ ತಪ್ಪು ಗಡಿನಾಡಿನ ಎಲ್ಲ ಮಕ್ಕಳ ತಪ್ಪು, ಹೆದರಬೇಡಿ. ಅವಳು ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿದ್ದಾಳೆ. ನಾವು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವಾಗ ಆಡಿದ ಮಾತನ್ನು ಹೆಚ್ಚಾಗಿ ಇದ್ದ ಹಾಗೇ ಇಟ್ಟು ಕೊನೆಗೆ "ಅಂತ" ಹಚ್ಚುತ್ತೇವೆ. "ನಾನು ನಾಳೆ ಬರುತ್ತೇನೆ ಅಂತ ಅವನು ಹೇಳಿದ." ಬರುವವನು ಯಾರು? ಅವನು. ಆದರೂ ವಾಕ್ಯದಲ್ಲಿರುವುದು "ನಾನು". ಕನ್ನಡದಲ್ಲಿ ಇದರಿಂದ ಯಾರಿಗೂ ಗೊಂದಲವಿಲ್ಲ. ತುಳುವಿನಲ್ಲೂ ಮಲಯಾಳದಲ್ಲೂ ಹೀಗೆಯೇ. ಹಾಗಾಗಿ ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಮೂರು ಭಾಷೆ ಕೇಳಿ ಬೆಳೆಯುವ ಮಗುವಿಗೂ ಇಂಗ್ಲಿಷಿನ ರೀತಿ ಎಲ್ಲಿಯೂ ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಇನ್ನೊಬ್ಬರ ಮಾತನ್ನು ಹೇಳುವವನು ಅದನ್ನು ತನ್ನ ಜಾಗದಲ್ಲಿ ನಿಂತು ಹೇಳಬೇಕು. ಈಗ ಹೇಳುತ್ತಿರುವುದು ಯಾರು, ಯಾರಿಗೆ, ಯಾವಾಗ, ಎಲ್ಲಿಂದ? ಐ, ಯು, ಹಿಯರ್, ಟುಮಾರೊ ಎಲ್ಲ ಬದಲಾಗುವುದು ಆ ಒಂದೇ ಕಾರಣಕ್ಕೆ. ಟೇಬಲ್ ಅದರಿಂದ ಹುಟ್ಟಿದ್ದು, ಆದ್ದರಿಂದ ಅದನ್ನು ಮೊದಲು ಕಲಿಸಬಾರದು. ನಾನು ಕ್ಲಾಸಿನಲ್ಲಿ ಟೆನ್ಸ್ ಮುಟ್ಟುವ ಮೊದಲು ಬರೀ ಆಳನ್ನು ಬದಲಿಸಲು ಹೇಳುತ್ತಿದ್ದೆ. ಪ್ರತಿ ಐ ಮತ್ತು ಯು ಮೇಲೆ ಪೆನ್ಸಿಲಿನಿಂದ ಯಾರು ಅಂತ ಬರೆಯಬೇಕು. ಕಂಡಕ್ಟರ್ ಹೇಳಿದ ಯು ಎಂದರೆ ಹುಡುಗಿ, ಹಾಗಾಗಿ ಶಿ. ಹುಡುಗಿ ಹೇಳಿದ ಯು ಎಂದರೆ ಕಂಡಕ್ಟರ್, ಹಾಗಾಗಿ ಹಿಮ್. ಪರೀಕ್ಷೆಯ ಮೊದಲಿನ 15 ನಿಮಿಷ ಪ್ರಶ್ನೆ ಓದಿಕೊಳ್ಳಲು ಕೂಲ್ ಆಫ್ ಟೈಮ್ ಇದೆಯಲ್ವಾ, ಬರೆಯುವ ಹಾಗಿಲ್ಲದಿದ್ದರೂ ಕಣ್ಣಿನಲ್ಲೇ ಈ ಕೆಲಸ ಮಾಡಬಹುದು.

ಎರಡನೆಯದು ಪ್ರಶ್ನೆಗಳು. ಮಾರ್ಕು ಹೋಗುವುದು ಇಲ್ಲಿಯೇ ಜಾಸ್ತಿ. ಆಸ್ಕ್ಡ್ ಬಂದ ಮೇಲೆ ದಟ್ ಬರುವುದಿಲ್ಲ. ವಾಟ್, ವೇರ್, ವೆನ್, ವೈ, ಹೌ ಇದ್ದರೆ ಅದನ್ನೇ ಬರೆದು ಮುಂದುವರಿಸಬೇಕು. ಅವು ಇಲ್ಲದೆ ಹೌದು ಅಥವಾ ಅಲ್ಲ ಅಂತ ಉತ್ತರ ಬರುವ ಪ್ರಶ್ನೆಯಾದರೆ ಇಫ್ ಅಥವಾ ವೆದರ್. ಆಮೇಲೆ, ಅದು ಇನ್ನು ಪ್ರಶ್ನೆ ಅಲ್ಲ, ಯಾರೋ ಕೇಳಿದ ಸುದ್ದಿ ಅಷ್ಟೆ. ಹಾಗಾಗಿ ಮೊದಲು ಆಳು, ಆಮೇಲೆ ಕ್ರಿಯಾಪದ, ಮಾಮೂಲಿ ವಾಕ್ಯದ ಹಾಗೆ. "ಆಸ್ಕ್ಡ್ ವೇರ್ ಶಿ ವಾಸ್ ಗೋಯಿಂಗ್" ಸರಿ, "ಆಸ್ಕ್ಡ್ ವೇರ್ ವಾಸ್ ಶಿ ಗೋಯಿಂಗ್" ತಪ್ಪು. ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ.

ಮೂರನೆಯದು ಟೋಲ್ಡ್ ಮತ್ತು ಸೆಡ್. ಟೋಲ್ಡ್ ಬಂದರೆ ಯಾರಿಗೆ ಅಂತ ಕೂಡಲೇ ಹೇಳಬೇಕು: "ಟೋಲ್ಡ್ ಹಿಮ್ ದಟ್". ಸೆಡ್‌ಗೆ ಆ ಹಂಗಿಲ್ಲ. "ಟೋಲ್ಡ್ ಟು ಮಿ ದಟ್", "ಸೆಡ್ ಮಿ ದಟ್" ಎರಡೂ ತಪ್ಪು.

ಈಗ ನಿಮ್ಮ ಬಸ್ಸಿನ ಕತೆ: "ದ ಕಂಡಕ್ಟರ್ ಆಸ್ಕ್ಡ್ ದ ಗರ್ಲ್ ವೇರ್ ಶಿ ವಾಸ್ ಗೋಯಿಂಗ್. ಶಿ ರಿಪ್ಲೈಡ್ ದಟ್ ಶಿ ವಾಸ್ ಗೋಯಿಂಗ್ ಟು ಕುಂಬಳೆ ಅಂಡ್ ಆಸ್ಕ್ಡ್ ಇಫ್ ದಟ್ ಬಸ್ ಸ್ಟಾಪ್ಡ್ ನಿಯರ್ ದ ಸ್ಕೂಲ್. ಹಿ ಸೆಡ್ ದಟ್ ಇಟ್ ಡಿಡ್ ಅಂಡ್ ರಿಕ್ವೆಸ್ಟೆಡ್ ಹರ್ ಟು ಗಿವ್ ಹಿಮ್ ಚೇಂಜ್. ಶಿ ಸೆಡ್ ದಟ್ ಶಿ ಹ್ಯಾಡ್ ಗಿವನ್ ಹಿಮ್ ಚೇಂಜ್ ದ ಪ್ರೀವಿಯಸ್ ಡೇ." ಪ್ಲೀಸ್ ಎಲ್ಲಿ ಹೋಯಿತು ನೋಡಿ, ರಿಕ್ವೆಸ್ಟೆಡ್ ಒಳಗೆ ಸೇರಿಹೋಯಿತು. ಯೆಸ್ ಎಂಬುದು "ಇಟ್ ಡಿಡ್" ಆಯಿತು. "ರಿಪ್ಲೈಡ್ ಇನ್ ದ ಅಫರ್ಮೇಟಿವ್" ಅಂತ ಬರೆದರೂ ಮಾರ್ಕು ಸಿಗುತ್ತದೆ, ನನಗೆ ಮಾತ್ರ ಅದು ಕೋರ್ಟಿನ ಕಾಗದದ ಹಾಗೆ ಕೇಳುತ್ತದೆ.

ದುಬೈಯಿಂದ ಮಂಜೇಶ್ವರದವ:

ಅಕ್ಕ, ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು. ಆ ಅರ್ಧವನ್ನು ಯಾರೂ ಶಾಲೆಯಲ್ಲಿ ಹೇಳುವುದಿಲ್ಲ, ಅದೇ ನನ್ನ ತಕರಾರು.

ಇಲ್ಲಿ ಆಫೀಸಿನಲ್ಲಿ ದಿನವಿಡೀ ರಿಪೋರ್ಟೆಡ್ ಸ್ಪೀಚೇ. ಮ್ಯಾನೇಜರ್ ಎಂತ ಹೇಳಿದರು, ಕಸ್ಟಮರ್ ಎಂತ ಕೇಳಿದ, ಅದನ್ನೇ ಮೇಲ್ ಮಾಡುವುದು. ಬೆಳಗ್ಗೆ ಕಸ್ಟಮರ್ ಫೋನ್ ಮಾಡಿ "ಐ ವಿಲ್ ಕಮ್ ಟುಮಾರೊ" ಅಂದರೆ, ಮಧ್ಯಾಹ್ನ ನಾನು ಬರೆಯುವುದು "ಹಿ ಸೆಡ್ ಹಿ ವಿಲ್ ಕಮ್ ಟುಮಾರೊ". ಇದು ತಪ್ಪಲ್ಲ. ನಾಳೆ ಇನ್ನೂ ನಾಳೆಯೇ ಆಗಿದೆ, ಅವನು ಬರುವುದು ಇನ್ನೂ ಬಾಕಿ ಇದೆ. ಅಲ್ಲಿ "ದ ನೆಕ್ಸ್ಟ್ ಡೇ" ಅಂತ ಬರೆದರೆ ಓದುವವ ಯಾವ ದಿನದ ನೆಕ್ಸ್ಟ್ ಡೇ ಅಂತ ತಿರುಗಿ ಕೇಳುತ್ತಾನೆ. ಅದೇ ವಿಷಯ ಮುಂದಿನ ವಾರ ಬರೆಯುವುದಾದರೆ "ಹಿ ಸೆಡ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ, ಬಟ್ ಹಿ ಡಿಡಂಟ್". ಇಲ್ಲಿ ವುಡ್ ಬೇಕೇ ಬೇಕು. ಮಾಸ್ಟ್ರು ಹೇಳಿದ "ಯಾವಾಗ, ಎಲ್ಲಿಂದ" ಅನ್ನುವುದೇ ಇದು.

ಹಾಗೆಯೇ ಎಂದಿಗೂ ಬದಲಾಗದ ವಿಷಯ. "ದ ಟೀಚರ್ ಸೆಡ್ ದಟ್ ದ ಚಂದ್ರಗಿರಿ ಫ್ಲೋಸ್ ಇಂಟು ದ ಅರೇಬಿಯನ್ ಸೀ." ಹೊಳೆ ಇವತ್ತೂ ಸಮುದ್ರಕ್ಕೇ ಹೋಗುತ್ತದೆ, ಫ್ಲೋಡ್ ಮಾಡಲೇಬೇಕು ಅಂತ ಇಲ್ಲ. ಇಸವಿ ಹೇಳಿದ ಘಟನೆಗೂ ಹ್ಯಾಡ್ ಬೇಡ: "ಹಿ ಸೆಡ್ ದಟ್ ಕಾಸರಗೋಡ್ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1984." ಹ್ಯಾಡ್ ಬಿಕಮ್ ಅಂದರೆ ತಪ್ಪಾಗುವುದಿಲ್ಲ, ಹೊರೆ ಜಾಸ್ತಿ ಅಷ್ಟೆ. ಮತ್ತೆ ಮೊದಲಿನ ಕ್ರಿಯಾಪದವೇ ಸೇಸ್ ಆಗಿದ್ದರೆ ಟೆನ್ಸ್ ಬದಲಿಸುವ ಪ್ರಶ್ನೆಯೇ ಇಲ್ಲ. "ಅಮ್ಮ ಸೇಸ್ ಶಿ ಇಸ್ ಬಿಸಿ."

ಆದರೆ ಟೆನ್ಸ್ ಬಿಟ್ಟರೂ ಬಿಡಬಹುದು, ಪ್ರಶ್ನೆಯ ಜೋಡಣೆ ಬಿಡಲು ಸಾಧ್ಯವೇ ಇಲ್ಲ ಮಾರಾಯ್ರೆ. "ಹಿ ಆಸ್ಕ್ಡ್ ದಟ್ ವೆನ್ ವಿಲ್ ಯು ಕಮ್" ಅಂತ ಮೇಲ್ ಹೋದರೆ ಓದುವವನಿಗೆ ಯು ಎಂದರೆ ತಾನೇ ಅಂತ ಅನಿಸುತ್ತದೆ. ಇದರಿಂದ ತಪ್ಪು ಮನುಷ್ಯ ತಪ್ಪು ದಿನ ಗೋಡೌನಿಗೆ ಹೋದದ್ದೂ ಉಂಟು.

ಕುಂಬಳೆಯ ನಿವೃತ್ತ ಮಾಸ್ಟ್ರು:

ಮಂಜೇಶ್ವರದವರ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಪರೀಕ್ಷೆಯ ಪೇಪರಿನಲ್ಲಿ ಆ ಸಂಭಾಷಣೆ ಯಾವಾಗ ನಡೆಯಿತು ಅಂತ ಹೇಳಿರುವುದಿಲ್ಲ. ಯಾವತ್ತೋ, ಎಲ್ಲೋ ನಡೆದದ್ದು ಅಂತ ಇಟ್ಟುಕೊಳ್ಳಬೇಕು. ಹಾಗಾಗಿ ಅಲ್ಲಿ ವಾಸ್, ವುಡ್, ದಟ್ ಡೇ, ದ ನೆಕ್ಸ್ಟ್ ಡೇ ಎಲ್ಲ ಬದಲಿಸುವುದೇ ಸುರಕ್ಷಿತ. ಮಾವನ ಇಂಗ್ಲಿಷ್ ಮಾರ್ಚ್ ಮುಗಿದ ಮೇಲೆ ಕಲಿಯಲಿ.

ಪಿಎಸ್‌ಸಿ ಓದುತ್ತಿರುವವಳು, ಮುಳ್ಳೇರಿಯ:

ಅಕ್ಕ, ಪಿಎಸ್‌ಸಿ ಅಂದರೆ ಸರ್ಕಾರಿ ಕೆಲಸದ ಪರೀಕ್ಷೆಯಲ್ಲೂ ಇದೇ ಪಾಠ ಬಿಡುವುದಿಲ್ಲ, ಅಲ್ಲಿ ನಾಲ್ಕು ಆಪ್ಷನ್ ಕೊಟ್ಟು ಕಣ್ಣಿಗೆ ಮಣ್ಣೆರಚುತ್ತಾರೆ. ನಾನು ನೋಡಿಕೊಳ್ಳುವ ಕೆಲವು ಹೇಳುತ್ತೇನೆ, ಮಗಳಿಗೂ ಉಪಯೋಗ ಆಗಬಹುದು.

ವುಡ್, ಕುಡ್, ಶುಡ್, ಮೈಟ್ ಮೊದಲೇ ಇದ್ದರೆ ಹಾಗೆಯೇ ಉಳಿಯುತ್ತವೆ. ಹ್ಯಾಡ್ ಗಾನ್ ಅಂತ ಮೊದಲೇ ಇದ್ದರೆ ಅದಕ್ಕಿಂತ ಹಿಂದೆ ಹೋಗಲು ಜಾಗವಿಲ್ಲ. ಮಸ್ಟ್ ಇದ್ದರೆ ಹ್ಯಾಡ್ ಟು, ಕೆಲವು ಕಡೆ ಮಸ್ಟ್ ಅಂತಲೇ ಇಡುತ್ತಾರೆ. "ಡೋಂಟ್ ಗೋ" ಅಂದದ್ದು "ಟೋಲ್ಡ್ ಹಿಮ್ ನಾಟ್ ಟು ಗೋ". ಇಲ್ಲಿ "ಟು ನಾಟ್ ಗೋ" ಅಂತ ಒಂದು ಆಪ್ಷನ್ ಇದ್ದೇ ಇರುತ್ತದೆ, ಅದನ್ನು ಮುಟ್ಟಬೇಡಿ. "ಲೆಟ್ ಅಸ್ ಗೋ" ಅಂದರೆ "ಸಜೆಸ್ಟೆಡ್ ದಟ್ ದೇ ಶುಡ್ ಗೋ" ಅಥವಾ "ಸಜೆಸ್ಟೆಡ್ ಗೋಯಿಂಗ್". ಸಜೆಸ್ಟೆಡ್ ಟು ಗೋ ಅಲ್ಲ. ಥ್ಯಾಂಕ್ ಯು ಅಂದದ್ದಕ್ಕೆ "ಶಿ ಥ್ಯಾಂಕ್ಡ್ ಹಿಮ್" ಸಾಕು, ಸೆಡ್ ದಟ್ ಥ್ಯಾಂಕ್ಸ್ ಅಂತ ಬೇಡ. "ವಾಟ್ ಎ ಬ್ಯೂಟಿಫುಲ್ ಪ್ಲೇಸ್!" ಇದ್ದರೆ "ಎಕ್ಸ್‌ಕ್ಲೇಮ್ಡ್ ದಟ್ ಇಟ್ ವಾಸ್ ಎ ವೆರಿ ಬ್ಯೂಟಿಫುಲ್ ಪ್ಲೇಸ್". ಹುರ್ರಾ ಅಂದರೆ ವಿತ್ ಜಾಯ್, ಅಲಾಸ್ ಅಂದರೆ ವಿತ್ ಸಾರೋ. ಇವತ್ತಿನ ಕಾಲದಲ್ಲಿ ಯಾರು ಅಲಾಸ್ ಅನ್ನುತ್ತಾರೆ ಅಂತ ಮಾತ್ರ ಕೇಳಬೇಡಿ.

ಒಂದು ಬೇಸರದ ಮಾತೂ ಹೇಳಿಬಿಡುತ್ತೇನೆ. ನಾನು ಓದಿದ ಕನ್ನಡ ಮೀಡಿಯಂ ಶಾಲೆಯಲ್ಲಿ ಒಂದು ವರ್ಷ ಇಂಗ್ಲಿಷ್ ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ವ್ಯಾಕರಣವನ್ನು ಮಲಯಾಳದಲ್ಲಿ ಹೇಳಿ, ಅದನ್ನು ನಾವು ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಂಡು, ಕೊನೆಗೆ ಟೇಬಲ್ ಒಂದೇ ಕೈಯಲ್ಲಿ ಉಳಿಯುತ್ತಿತ್ತು. ಅವರನ್ನು ದೂರುವುದಿಲ್ಲ, ಅವರು ಒಳ್ಳೆಯವರೇ. ಹಾಗೆ ನೇಮಿಸಿದವರಿಗೆ ಇದು ಗೊತ್ತಿರಬೇಕಿತ್ತು.

ಬದಿಯಡ್ಕದ ಅಮ್ಮ:

ತುಂಬಾ ಉಪಕಾರ ಆಯಿತು. ಐ, ಯು ಮೇಲೆ ಹೆಸರು ಬರೆಯುವುದು ಅವಳಿಗೆ ಕೂಡಲೇ ಹಿಡಿಯಿತು. ಆಳು ಈಗ ತಪ್ಪುವುದಿಲ್ಲ, ದಟ್ ಕೂಡ ಬಿಟ್ಟಿದ್ದಾಳೆ. ಹೊಸ ತೊಂದರೆ ಎಂತ ಅಂದರೆ, "ವಾಟ್ ಡಿಡ್ ಯು ಈಟ್?" ಅಂತ ಕೊಟ್ಟರೆ "ಆಸ್ಕ್ಡ್ ವಾಟ್ ಶಿ ಡಿಡ್ ಈಟ್" ಅಂತ ಬರೆದಳು. ಜೋಡಣೆ ಬದಲಿಸಿದ್ದೇನಲ್ಲ, ಮತ್ತೆ ಯಾಕೆ ತಪ್ಪು ಅಂತ ನನ್ನ ಮೇಲೆಯೇ ಸಿಟ್ಟು. ಅವಳ ಕಡೆಯೂ ನ್ಯಾಯ ಉಂಟು ಅನಿಸಿತು. "ಡು ಯು ನೋ" ಇದ್ದಲ್ಲಿ "ಇಫ್ ಐ ಡು ನೋ" ಅಂತ ಬರೆದದ್ದೂ ಇದೇ ತಪ್ಪಲ್ವಾ?

ಕುಂಬಳೆಯ ನಿವೃತ್ತ ಮಾಸ್ಟ್ರು:

ಅದೇ ತಪ್ಪು. ಡು, ಡಸ್, ಡಿಡ್ ಈ ಮೂರೂ ಅಲ್ಲಿ ಬಂದದ್ದು ಪ್ರಶ್ನೆ ಮಾಡುವುದಕ್ಕೆ ಮಾತ್ರ. ಪ್ರಶ್ನೆ ಹೋದ ಮೇಲೆ ಅವಕ್ಕೂ ಕೆಲಸವಿಲ್ಲ, ಎದ್ದು ಹೋಗುತ್ತವೆ. ಆದರೆ ಹೋಗುವಾಗ ತಮ್ಮ ಕಾಲವನ್ನು ಮುಖ್ಯ ಕ್ರಿಯಾಪದಕ್ಕೆ ಒಪ್ಪಿಸಿ ಹೋಗುತ್ತವೆ. ಹಾಗಾಗಿ ಅವಳಿಗೆ ಹೀಗೆ ಹೇಳಿ: ಮೊದಲು ಪ್ರಶ್ನೆಯನ್ನು ಮಾಮೂಲಿ ವಾಕ್ಯ ಮಾಡು, ಆಮೇಲೆ ಟೆನ್ಸ್ ಮುಟ್ಟು. "ಡಿಡ್ ಯು ಈಟ್" ಮಾಮೂಲಿ ವಾಕ್ಯದಲ್ಲಿ "ಯು ಏಟ್". ಅದನ್ನು ಹಿಂದಕ್ಕೆ ಸರಿಸಿದರೆ "ಶಿ ಹ್ಯಾಡ್ ಈಟನ್". "ಡು ಯು ನೋ" ಎಂದರೆ "ಯು ನೋ", ಹಿಂದಕ್ಕೆ ಸರಿಸಿದರೆ "ಐ ನ್ಯೂ". ಈ ನಡುವಿನ ಮೆಟ್ಟಿಲನ್ನು ಹಾರಿದ ಮಕ್ಕಳೇ "ಇಫ್ ಶಿ ಡಿಡ್ ವೆಂಟ್" ತನಕ ಹೋಗಿ ಮುಟ್ಟುತ್ತಾರೆ. ಸ್ವಲ್ಪ ದಿನ ಆ ನಡುವಿನ ವಾಕ್ಯವನ್ನು ರಫ್ ಪುಸ್ತಕದಲ್ಲಿ ಬರೆದೇ ಮುಂದೆ ಹೋಗಲಿ.

ಆದರೆ ಇಸ್, ಆರ್, ವಿಲ್, ಕ್ಯಾನ್, ಹ್ಯಾವ್ ಇದ್ದ ಪ್ರಶ್ನೆಯಲ್ಲಿ ಯಾವುದೂ ಎದ್ದು ಹೋಗುವುದಿಲ್ಲ. ಅವು ಜಾಗ ಬದಲಿಸಿ ಆಳಿನ ಹಿಂದೆ ಬಂದು ನಿಲ್ಲುತ್ತವೆ. "ಕ್ಯಾನ್ ಯು ಸ್ವಿಮ್" ಇದ್ದದ್ದು "ಇಫ್ ಹಿ ಕುಡ್ ಸ್ವಿಮ್". ಎರಡನ್ನೂ ಕಲಸಿ ಅಭ್ಯಾಸ ಕೊಡಿ, ಒಂದೇ ಬಗೆಯದು ಹತ್ತು ಕೊಟ್ಟರೆ ಕೈ ತಾನಾಗಿ ಓಡುತ್ತದೆ, ತಲೆ ಓಡುವುದಿಲ್ಲ.

ದುಬೈಯಿಂದ ಮಂಜೇಶ್ವರದವ:

ಇನ್ನೊಂದು ಉಪಾಯ ಅಕ್ಕ. ಮನೆಗೆ ಯಾರದ್ದಾದರೂ ಫೋನ್ ಬಂದಾಗ ಮಗಳೇ ತೆಗೆಯಲಿ. ಇಟ್ಟ ಮೇಲೆ ಅವರು ಎಂತ ಹೇಳಿದರು, ಎಂತ ಕೇಳಿದರು ಅಂತ ನಿಮಗೆ ಇಂಗ್ಲಿಷಿನಲ್ಲಿ ಹೇಳಲಿ. ಫೋನಿನ ಮಾತು ಕನ್ನಡದಲ್ಲೋ ತುಳುವಿನಲ್ಲೋ ಇರುವುದರಿಂದ ನಕಲು ಮಾಡಲು ಇಂಗ್ಲಿಷ್ ವಾಕ್ಯವೇ ಇರುವುದಿಲ್ಲ. ಆಗ ಟೇಬಲ್ ನೆನಪಾಗದೆ ತಾನೇ ಜೋಡಿಸಬೇಕಾಗುತ್ತದೆ. ಮೊದಲು ಮಾವನ ಫೋನಿನಿಂದಲೇ ಶುರು ಮಾಡಿ.

ಕುಂಬಳೆಯ ನಿವೃತ್ತ ಮಾಸ್ಟ್ರು:

ಇದು ಚೆನ್ನಾಗಿದೆ. ಬರೆಯಲಿಕ್ಕೆ ನನ್ನ ಕಡೆಯಿಂದಲೂ ಸ್ವಲ್ಪ ಇರಲಿ:

ಟೀಚರ್: ವೈ ಡಿಡಂಟ್ ಯು ಕಮ್ ಯೆಸ್ಟರ್ಡೇ?
ಹುಡುಗ: ಐ ವಾಸ್ ಇಲ್. ಮೇ ಐ ಬ್ರಿಂಗ್ ದ ಲೀವ್ ಲೆಟರ್ ಟುಮಾರೊ?
ಟೀಚರ್: ಯೆಸ್, ಬಟ್ ಡೋಂಟ್ ಫರ್ಗೆಟ್ ಇಟ್.

ಮೊದಲ ಸಾಲಿನಲ್ಲಿ ಡಿಡ್ ಜೊತೆ ನಾಟ್ ಕೂಡ ಇದೆ, ಅಲ್ಲಿ ಎಡವುತ್ತಾಳೆ, ಎಡವಲಿ. ನೀವು ತಿದ್ದಬೇಡಿ. ಅವಳು ಬರೆದದ್ದನ್ನು ಇದ್ದ ಹಾಗೇ ಇಲ್ಲಿ ಹಾಕಿ.

ಪಿಎಸ್‌ಸಿ ಓದುತ್ತಿರುವವಳು, ಮುಳ್ಳೇರಿಯ:

ಮಾಸ್ಟ್ರೇ, ಮೊದಲನೆಯದು "ವೈ ಹಿ ಹ್ಯಾಡ್ ನಾಟ್ ಕಮ್ ದ ಪ್ರೀವಿಯಸ್ ಡೇ" ಅಲ್ವಾ? ಅವಳಿಗಿಂತ ಮೊದಲು ನಾನು ಹೇಳಿಬಿಟ್ಟೆನಾ?

ಕುಂಬಳೆಯ ನಿವೃತ್ತ ಮಾಸ್ಟ್ರು:

ಸರಿ ಉಂಟು, ಆದರೆ ಹೇಳಿಬಿಟ್ಟಿರಿ. ಅಮ್ಮಾ, ಆ ಸಾಲಿಗೆ ಬದಲು "ವೈ ಡಿಡಂಟ್ ಯುವರ್ ಬ್ರದರ್ ಕಾಲ್ ಮಿ?" ಅಂತ ಕೊಡಿ. ಯುವರ್ ಮತ್ತು ಮಿ ಎರಡನ್ನೂ ಅವಳೇ ಬಿಡಿಸಲಿ.