ತಿಂಗಳುಗಟ್ಟಲೆ ನಿಂತಿದ್ದ ಎಟಿವಿ ಸ್ಟಾರ್ಟ್ ಆಗುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದೇ ಸ್ಥಿತಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಒಂದೇ ಸಿಲಿಂಡರಿನ, ನಾಲ್ಕು ಸ್ಟ್ರೋಕಿನ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಎಟಿವಿ, ಅಂದರೆ ರಸ್ತೆಯಿಲ್ಲದ ಕಡೆಯೂ ಓಡುವ ಗಾಡಿ, ಇದೆ. ಹಲವು ತಿಂಗಳು ಓಡಿಸದೆ ನಿಲ್ಲಿಸಿದ್ದೆ, ಆಗ ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಉಳಿದಿತ್ತು. ಈಗ ಸೆಲ್ಫ್ ಒತ್ತಿದರೆ ಕೆಲವೊಮ್ಮೆ ಸ್ಟಾರ್ಟರ್ ಮೋಟರಿಗೆ ಕರೆಂಟ್ ಬಿಡುವ ರಿಲೇಯಿಂದ 'ಟಕ್' ಎಂಬ ಸದ್ದು ಮಾತ್ರ ಬರುತ್ತದೆ, ಕೆಲವೊಮ್ಮೆ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಬ್ಯಾಟರಿ ಹಳೆಯದಾಗಿತ್ತೆಂದು ಹೊಸದನ್ನು ತಂದು, ಪೂರ್ತಿ ಚಾರ್ಜ್ ಮಾಡಿ ಹಾಕಿದೆ. ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ನೋಡಿದಾಗ ಕಿಡಿ ಬರುತ್ತಿದೆ, ಪ್ಲಗ್ ಒಣಗಿಯೇ ಇದೆ. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರಿನ ಬಾಯಿಗೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟರೆ ಎಂಜಿನ್ ಒಂದೆರಡು ಕ್ಷಣ ಓಡಿ ಆರಿಹೋಗುತ್ತದೆ. ಚೋಕ್ ಎಳೆದರೂ ಬಿಟ್ಟರೂ ಒಂದೇ. ಸ್ಟಾರ್ಟರ್ ಮೋಟರನ್ನೂ ಪ್ಲಗ್ಗಿಗೆ ಕಿಡಿ ಒದಗಿಸುವ ಸಿಡಿಐ ಘಟಕವನ್ನೂ ಬದಲಿಸಬೇಕೆಂಬ ಸಲಹೆ ಬಂದಿದೆ. ಅವನ್ನು ಕೊಳ್ಳುವ ಮೊದಲು ಯಾವುದನ್ನು ಪರೀಕ್ಷಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ನೀವು ಬರೆದಿರುವ ವಿವರದಲ್ಲಿಯೇ ಅರ್ಧ ಉತ್ತರವಿದೆ. ಇಲ್ಲಿ ಇರುವುದು ಒಂದು ದೋಷವಲ್ಲ, ಎರಡು: ಎಂಜಿನ್ ಸರಿಯಾಗಿ ತಿರುಗದಿರುವುದು ಒಂದು, ತಿರುಗಿದರೂ ಹತ್ತದಿರುವುದು ಇನ್ನೊಂದು. ಎರಡನ್ನೂ ಒಂದೇ ಎಂದು ಭಾವಿಸಿ ಬಿಡಿಭಾಗಗಳನ್ನು ಬದಲಿಸುತ್ತ ಹೋದರೆ ಹಣ ಖರ್ಚಾಗುತ್ತದೆಯೇ ಹೊರತು ಗಾಡಿ ಹೊರಡುವುದಿಲ್ಲ. ಕಿಡಿ ಬರುತ್ತಿದೆ, ಹೊರಗಿನಿಂದ ಪೆಟ್ರೋಲ್ ಕೊಟ್ಟರೆ ಓಡುತ್ತದೆ. ಆದ್ದರಿಂದ ಸಿಡಿಐ ಘಟಕವನ್ನು ಸದ್ಯಕ್ಕೆ ಮುಟ್ಟಬೇಡಿ. ಅದೇ ಕಾರಣಕ್ಕೆ ಎಂಜಿನ್ ಆರಿಸುವ ಕಿಲ್ ಸ್ವಿಚ್ಚೂ ನಿರಪರಾಧಿ.

ತಿರುಗುವ ವಿಚಾರವನ್ನು ಮೊದಲು ಮುಗಿಸಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಪಾರ್ಕಿಂಗ್ ಬ್ರೇಕ್ ಹಾಕಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿಕೊಳ್ಳಿ. ಏನನ್ನೂ ಒತ್ತದಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟಿನಷ್ಟಾದರೂ ಇರಬೇಕು. ಸೆಲ್ಫ್ ಒತ್ತಿ ಹಿಡಿದಾಗ ಅದು 10ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನೋ, ಅತಿಯಾಗಿ ಕರೆಂಟ್ ಎಳೆಯುತ್ತಿರುವ ಮೋಟರನ್ನೋ ಅನುಮಾನಿಸಬೇಕು. ಬ್ಯಾಟರಿಯಲ್ಲಿ ವೋಲ್ಟೇಜ್ ಚೆನ್ನಾಗಿಯೇ ಉಳಿದು ಎಂಜಿನ್ ಮಾತ್ರ ನಿಧಾನವಾಗಿ ತಿರುಗುತ್ತಿದ್ದರೆ, ಕರೆಂಟ್ ಮೋಟರನ್ನು ತಲುಪುವ ಅಥವಾ ಅಲ್ಲಿಂದ ಮರಳುವ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದು ಅರ್ಥ.

ಆ ತಡೆಯನ್ನು ಹುಡುಕುವ ಕ್ರಮ ಹೀಗಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ತುದಿಗೂ ಇನ್ನೊಂದನ್ನು ಸ್ಟಾರ್ಟರ್ ಮೋಟರಿನ ದಪ್ಪ ತಂತಿ ಸೇರುವ ಬೋಲ್ಟಿಗೂ ತಾಗಿಸಿ, ಬೇರೆಯವರಿಂದ ಸೆಲ್ಫ್ ಒತ್ತಿಸಿ, ಅಂಕಿ ಓದಿಕೊಳ್ಳಿ. ಬಳಿಕ ಬ್ಯಾಟರಿಯ ಮೈನಸ್ ತುದಿಗೂ ಎಂಜಿನ್ನಿನ ಬರಿ ಲೋಹಕ್ಕೂ ತಾಗಿಸಿ ಹಾಗೆಯೇ ಓದಿ. ಎರಡೂ ಕಡೆ ಅರ್ಧ ವೋಲ್ಟಿನೊಳಗೆ ಇರಬೇಕು. ಓಮ್ ಅಳತೆಯನ್ನು ನಂಬಿ ಕೂರಬೇಡಿ: ದಪ್ಪ ತಂತಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ಓಮ್ ತೋರಿಸುತ್ತದೆ, ಆದರೆ ಆ ಎಳೆ ಮೋಟರಿಗೆ ಬೇಕಾದ ಕರೆಂಟನ್ನು ಹೊರಲಾರದು. ಒಂದೊಂದು ಸಲ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಒತ್ತಬೇಡಿ, ನಡುವೆ ಮೋಟರ್ ತಣಿಯಲು ಬಿಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ. ಪೆಟ್ರೋಲಿನ ಕಡೆಯ ಮಾತನ್ನು ನಾನು ಹೇಳುತ್ತೇನೆ. ಅದಕ್ಕೂ ಮೊದಲು ಒಂದು ವಿನಂತಿ: ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲ್ ಬಿಡುವುದನ್ನು ಈಗಲೇ ನಿಲ್ಲಿಸಿ. ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಬೆಂಕಿ ನೇರವಾಗಿ ನಿಮ್ಮ ಕೈಗೇ ಬರುತ್ತದೆ. ಅದರಿಂದ ತಿಳಿಯಬೇಕಾದದ್ದು ಈಗಾಗಲೇ ತಿಳಿದಾಗಿದೆ.

ಪೆಟ್ರೋಲ್ ಕಾಕ್ (ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ) ತೆರೆದಿಟ್ಟು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ತಳದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಸಣ್ಣ ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಿಡಿಯಿರಿ. ಬೌಲಿನಲ್ಲಿ ಇದ್ದಷ್ಟು ಸುರಿದು ಆಮೇಲೆ ಹನಿಹನಿಯಾದರೆ, ಕಾಕ್‌ನ ಒಳಗಿನ ಜಾಲರಿ ಕಟ್ಟಿದೆ, ಇಲ್ಲವೇ ಬೌಲಿಗೆ ಪೆಟ್ರೋಲ್ ಬಿಡುವ ಫ್ಲೋಟ್ ಸೂಜಿ ಅಂಟಿಕೊಂಡಿದೆ, ಇಲ್ಲವೇ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ. ಮುಚ್ಚಳ ತೆರೆದೊಡನೆ ಹರಿವು ಹೆಚ್ಚಿದರೆ ಮೂರನೆಯದೇ ಕಾರಣ. ಕೆಲವು ಎಟಿವಿಗಳಲ್ಲಿ ಎಂಜಿನ್ನಿನ ನಿರ್ವಾತದಿಂದ ತೆರೆಯುವ ಕಾಕ್ ಇರುತ್ತದೆ. ಅಂಥದ್ದಾದರೆ ಎಂಜಿನ್ ತಿರುಗದೆ ಪೆಟ್ರೋಲ್ ಹರಿಯುವುದೇ ಇಲ್ಲ ಎಂಬುದು ನೆನಪಿರಲಿ. ಹರಿವು ಒಂದೇ ಸಮನೆ ಇದ್ದರೆ ಬೌಲಿನವರೆಗೆ ತೊಂದರೆಯಿಲ್ಲ, ಅಡಚಣೆ ಅದರ ಮುಂದಿನ ಜೆಟ್ಟುಗಳಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಹಿತ್ತಾಳೆ ತುಂಡುಗಳಲ್ಲಿ ಇದೆ.

ಬಾಟಲಿಯಲ್ಲಿ ಹಿಡಿದದ್ದನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣ ಗಾಢವಾಗಿ, ವಾರ್ನಿಶ್ಶಿನಂಥ ಹುಳಿ ವಾಸನೆ ಬರುತ್ತಿದ್ದರೆ ಅದು ಹಳಸಿದ ಪೆಟ್ರೋಲ್. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ, ಹೆಚ್ಚು ನೀರು ಸೇರಿದರೆ ಎಥೆನಾಲ್ ಸಮೇತ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ.

ಚೋಕ್ ಎಳೆದರೂ ಬಿಟ್ಟರೂ ಒಂದೇ ಎಂದು ನೀವು ಬರೆದ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತಣ್ಣಗಿರುವ ಎಂಜಿನ್ ಹತ್ತುವುದು ಚೋಕ್ ದಾರಿಯಿಂದಲೂ ಪೈಲಟ್ ಜೆಟ್ಟಿನಿಂದಲೂ ಬರುವ ಪೆಟ್ರೋಲಿನಿಂದ. ಮೇನ್ ಜೆಟ್ ಕೆಲಸಕ್ಕೆ ಬರುವುದು ಆಕ್ಸಿಲರೇಟರ್ ಸಾಕಷ್ಟು ತೆರೆದ ಮೇಲೆ. ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದಾದ್ದರಿಂದ ಪೆಟ್ರೋಲ್ ಆರಿ ಅಂಟಾದಾಗ ಮೊದಲು ಮುಚ್ಚುವುದು ಅದೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಅಳತೆಗಳು ಹೀಗಿವೆ. ಬ್ಯಾಟರಿ ಸುಮ್ಮನಿರುವಾಗ 12.7 ವೋಲ್ಟ್, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ 11.3. ಪ್ಲಸ್ ತುದಿಯಿಂದ ಮೋಟರಿನ ಬೋಲ್ಟಿಗೆ 0.3. ಮೈನಸ್ ತುದಿಯಿಂದ ಎಂಜಿನ್ನಿಗೆ 2.1. ಡ್ರೈನ್ ಸ್ಕ್ರೂ ತೆಗೆದಾಗ ಪೆಟ್ರೋಲ್ ನಿಲ್ಲದೆ ಹರಿಯಿತು. ಬಣ್ಣ ಕಡು ಹಳದಿ, ವಾಸನೆ ಮೂಗಿಗೆ ಹೊಡೆಯುವಂತಿತ್ತು, ನೀರಿನ ಪದರ ಕಾಣಲಿಲ್ಲ.

ಮೊದಲ ಉತ್ತರ ಬರೆದವರಿಂದ

ಆ 2.1 ಎಂಬ ಅಂಕಿಯೇ ನಿಮ್ಮ ಮೊದಲ ದೋಷ. 11.3ರಲ್ಲಿ 2.1 ಅರ್ಥ್ (ಮೈನಸ್) ಕಡೆ, 0.3 ಪ್ಲಸ್ ಕಡೆ ಕಳೆದುಹೋದರೆ ಮೋಟರಿಗೆ ಸಿಗುವುದು 9 ವೋಲ್ಟಿಗಿಂತ ಕಡಿಮೆ. ಮೋಟರ್ ಬದಲಿಸಿದ್ದರೂ ಹೊಸ ಮೋಟರಿಗೆ ಸಿಗುತ್ತಿದ್ದುದು ಅಷ್ಟೇ. ಬ್ಯಾಟರಿಯ ಮೈನಸ್ ತಂತಿ ಎಂಜಿನ್ನಿಗೋ ಚಾಸಿಗೋ ಸೇರುವ ಬೋಲ್ಟನ್ನು ಹುಡುಕಿ. ಸಾಮಾನ್ಯವಾಗಿ ಅದು ಕೆಸರು ಸಿಡಿಯುವ ಜಾಗದಲ್ಲಿಯೇ ಇರುತ್ತದೆ. ಮೊದಲು ಬ್ಯಾಟರಿಯಿಂದ ಮೈನಸ್ ತಂತಿ ಬಿಚ್ಚಿ, ಆಮೇಲೆ ಆ ಬೋಲ್ಟನ್ನು ಕಳಚಿ. ತಂತಿಯ ಕಣ್ಣನ್ನೂ ಅದು ಕೂರುವ ಲೋಹವನ್ನೂ ಹೊಳೆಯುವವರೆಗೆ ಮರಳುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಹೊರಗಿನಿಂದ ಗ್ರೀಸ್ ಹಚ್ಚಿ. ತಂತಿಯ ಹೊದಿಕೆಯನ್ನು ಕಣ್ಣಿನ ಬಳಿ ಸ್ವಲ್ಪ ಹಿಂದಕ್ಕೆ ಸರಿಸಿ ನೋಡಿ: ಎಳೆಗಳು ಹಸಿರುಗಟ್ಟಿ ಪುಡಿಯಾಗುತ್ತಿದ್ದರೆ ಉಜ್ಜಿ ಪ್ರಯೋಜನವಿಲ್ಲ, ತಂತಿಯನ್ನೇ ಬದಲಿಸಿ. ಮತ್ತೆ ಅಳೆದು, ಅಂಕಿ ಇಳಿದಿದೆ ಎಂದು ಖಚಿತವಾದ ಮೇಲೆಯೇ ಕಾರ್ಬ್ಯುರೇಟರಿಗೆ ಕೈ ಹಾಕಿ. ಎಂಜಿನ್ ನಿಧಾನವಾಗಿ ತಿರುಗಿದರೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಎಳೆಯುವ ಬಲವೂ ಕುಗ್ಗುತ್ತದೆ.

ಎರಡನೆಯ ಉತ್ತರ ಬರೆದವರಿಂದ

ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ಕಾರ್ಬ್ಯುರೇಟರ್ ಬಿಚ್ಚಿ. ಪೈಲಟ್ ಜೆಟ್ಟಿನ ತಲೆಯ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ಹಿತ್ತಾಳೆ ಬಹಳ ಬೇಗ ಕೆಡುತ್ತದೆ. ಕ್ಲೀನರ್ ಸ್ಪ್ರೇಯಲ್ಲಿ ನೆನೆಸಿ, ವಿದ್ಯುತ್ ತಂತಿಯಿಂದ ಬಿಡಿಸಿದ ತಾಮ್ರದ ಒಂದು ಎಳೆಯನ್ನು ಮೆಲ್ಲಗೆ ತೂರಿಸಿ. ಉಕ್ಕಿನ ಸೂಜಿ ಹಾಕಿದರೆ ರಂಧ್ರ ಹಿಗ್ಗಿ ಜೆಟ್ ನಿರುಪಯುಕ್ತವಾಗುತ್ತದೆ. ಬೆಳಕಿಗೆ ಹಿಡಿದಾಗ ದುಂಡನೆಯ, ಅಂಚು ಸ್ಪಷ್ಟವಾದ ಬಿಂದು ಕಾಣಬೇಕು. ಗಾಳಿ-ಪೆಟ್ರೋಲ್ ಮಿಶ್ರಣದ ಸ್ಕ್ರೂ ತೆಗೆಯುವ ಮುನ್ನ ಅದನ್ನು ಹಗುರವಾಗಿ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟುಕೊಳ್ಳಿ. ಅದರ ಹಿಂದೆ ಸ್ಪ್ರಿಂಗ್, ಪುಟ್ಟ ವಾಶರ್, ರಬ್ಬರ್ ಉಂಗುರ ಇರುತ್ತವೆ. ಉಂಗುರ ಒಳಗೇ ಉಳಿದುಬಿಡುವುದುಂಟು. ಚೋಕ್‌ಗೆ ಹೋಗುವ ಸಣ್ಣ ದಾರಿಯ ಒಂದು ತುದಿಗೆ ಸ್ಪ್ರೇ ಬಿಟ್ಟು ಇನ್ನೊಂದು ತುದಿಯಿಂದ ಹೊರಬರುತ್ತಿದೆಯೇ ನೋಡದೆ ಜೋಡಿಸಬೇಡಿ. ಸ್ಪ್ರೇ ಎದುರಿನ ರಂಧ್ರದಿಂದ ನೇರವಾಗಿ ಮುಖಕ್ಕೆ ಚಿಮ್ಮಬಹುದು, ಕಣ್ಣಿಗೆ ಕನ್ನಡಕವಿರಲಿ.

ಮೂರನೆಯ ಉತ್ತರ

ಇಷ್ಟಾದ ಮೇಲೂ ಹತ್ತದಿದ್ದರೆ ಟ್ಯಾಪೆಟ್ ಸಂದು, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು, ನೋಡಿ. ವಾಲ್ವ್ ಮತ್ತು ಅದು ಕೂರುವ ಜಾಗ ಸವೆದಂತೆ ಸಂದು ಕಿರಿದಾಗುತ್ತ ಹೋಗಿ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಸದ್ದು ಮಾಡದ ದೋಷವಾದ್ದರಿಂದ ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿರುವಾಗ, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡುಗಳು) ಅಳೆದು ಕೈಪಿಡಿಯ ಅಂಕಿಗೆ ಹೋಲಿಸಿ.

ಪ್ರಶ್ನೆ ಕೇಳಿದವರಿಂದ

ಅರ್ಥ್ ಬೋಲ್ಟಿನಡಿ ಬಣ್ಣದ ಪದರವೂ ತುಕ್ಕೂ ಸೇರಿಕೊಂಡಿದ್ದವು. ಉಜ್ಜಿ ಕೂರಿಸಿದ ಮೇಲೆ 2.1 ಇದ್ದದ್ದು 0.2ಕ್ಕೆ ಇಳಿದಿದೆ, ಎಂಜಿನ್ ಚುರುಕಾಗಿ ತಿರುಗುತ್ತದೆ. ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದರೆ ಏನೂ ಕಾಣುತ್ತಿರಲಿಲ್ಲ. ಚೋಕ್ ದಾರಿಯೂ ಮುಚ್ಚಿಹೋಗಿತ್ತು. ಎರಡನ್ನೂ ಬಿಡಿಸಿ, ಹೊಸ ಪೆಟ್ರೋಲ್ ಹಾಕಿ, ಚೋಕ್ ಎಳೆದು ಸೆಲ್ಫ್ ಒತ್ತಿದೊಡನೆ ಎಂಜಿನ್ ಹತ್ತಿತು, ಬಿಸಿಯಾದ ಮೇಲೆ ಚೋಕ್ ಇಲ್ಲದೆಯೂ ಆರದೆ ಓಡುತ್ತಿದೆ. ಟ್ಯಾಪೆಟ್ ಸಂದನ್ನು ನಾಳೆ, ಎಂಜಿನ್ ತಣಿದ ಮೇಲೆ ಅಳೆಯುತ್ತೇನೆ. ಬೇರೇನಾದರೂ ಉಳಿದಿದೆಯೇ?

ಮೊದಲ ಉತ್ತರ ಬರೆದವರಿಂದ

ಬಹಳ ಸಂತೋಷ. ಒಂದು ಅಳತೆ ಉಳಿದಿದೆ. ಎಂಜಿನ್ ಓಡುತ್ತಿರುವಾಗ, ಗಾಡಿಯನ್ನು ಬಯಲಿನಲ್ಲಿಯೇ ನಿಲ್ಲಿಸಿ, ವೇಗ ಸ್ವಲ್ಪ ಏರಿಸಿ ಬ್ಯಾಟರಿಯ ವೋಲ್ಟೇಜ್ ನೋಡಿ. 13.5ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿಯಾಗಿದೆ, 12.6ರ ಆಸುಪಾಸಿನಲ್ಲಿಯೇ ನಿಂತರೆ ವಿದ್ಯುತ್ ಹುಟ್ಟಿಸುವ ಸ್ಟೇಟರನ್ನೂ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರನ್ನೂ ಪರೀಕ್ಷಿಸದೆ ದೂರ ಹೋಗಬೇಡಿ. ಮುಂದೆ ಬಹುಕಾಲ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲನ್ನು ಅದೇ ಡ್ರೈನ್ ಸ್ಕ್ರೂವಿನಿಂದ ಖಾಲಿ ಮಾಡಿಡಿ.